ಹತ್ತೂವರೆಯಿಂದ ಹನ್ನೆರಡು

ಅರಸೀಕೆರೆಗೂ ಸಮುದ್ರಕ್ಕೂ ಏನ್ರೀ ಸಂಬಂಧ ಎಂದು ಕೇಳುವವರಿಗೆ ಉತ್ತರ ಕೊಟ್ಟು ಕೊಟ್ಟು ನನಗೆ ಸಾಕಾಗಿಹೋಗಿದೆ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತರೂ ಇದೇ ಪ್ರಶ್ನೆ, ರೈಲ್ವೆ ಸ್ಟೇಷನ್ನಿನಲ್ಲಿ ಕಾಫಿ ಕುಡಿಯುವಾಗಲೂ ಇದೇ ಪ್ರಶ್ನೆ. ಸಂಬಂಧ ಇಷ್ಟೇ. ಹಡಗಿನ ಮೇಲೆ, ಮೀನು ಹಿಡಿಯುವ ದೊಡ್ಡ ದೋಣಿಗಳ ಮೇಲೆ ರೇಡಿಯೋ ಇರುತ್ತದೆ. ಹಾಡು ಕೇಳುವ ರೇಡಿಯೋ ಅಲ್ಲ, ದಡದವರ ಜೊತೆ ಮಾತಾಡುವ ರೇಡಿಯೋ. ಅದಕ್ಕೊಂದು ಎತ್ತರದ ಆಂಟೆನಾ. ನಡುಸಮುದ್ರದಲ್ಲಿ ಅದಕ್ಕಿಂತ ಎತ್ತರದ ವಸ್ತು ಇನ್ನೊಂದಿಲ್ಲವಾದ್ದರಿಂದ ಸಿಡಿಲಿಗೆ ಅದೇ ಬೇಕು. ಹತ್ತಿರದಲ್ಲೆಲ್ಲೋ ಸಿಡಿಲು ಬಿದ್ದರೂ ಸಾಕು, ತಂತಿಯಲ್ಲಿ ವಿದ್ಯುತ್ತು ನುಗ್ಗಿ ಬಂದು ರೇಡಿಯೋ ಸುಟ್ಟುಹೋಗುತ್ತದೆ. ಆಮೇಲೆ ದೋಣಿಯವರು ಎಷ್ಟು ಕೂಗಿಕೊಂಡರೂ ದಡಕ್ಕೆ ಕೇಳಿಸುವುದಿಲ್ಲ. ಹಾಗಾಗದಿರಲೆಂದು ಆಂಟೆನಾಕ್ಕೂ ರೇಡಿಯೋಕ್ಕೂ ನಡುವೆ ಒಂದು ಡಬ್ಬಿ ಕೂರಿಸುತ್ತಾರೆ. ನುಗ್ಗಿ ಬಂದದ್ದನ್ನು ಆ ಡಬ್ಬಿ ಪಕ್ಕಕ್ಕೆ ತಿರುಗಿಸಿ ನೀರಿಗೆ ಬಿಡುತ್ತದೆ. ಕಾಗದಪತ್ರದಲ್ಲಿ ಅದರ ಹೆಸರು ಸರ್ಜ್ ಪ್ರೊಟೆಕ್ಟರ್. ನಮ್ಮ ಬಾಯಲ್ಲಿ ಡಬ್ಬಿ. ಆ ಡಬ್ಬಿ ತಯಾರಾಗುವುದು ಅರಸೀಕೆರೆಯಲ್ಲಿ, ಅದನ್ನು ಪರೀಕ್ಷೆ ಮಾಡಿ ಸಹಿ ಹಾಕುವವನು ನಾನು, ಪಾರ್ಥಸಾರಥಿ.

ಕಂಪನಿಯ ಹೆಸರು ಗಿಡ್ಡಮ್ಮ ಎಲೆಕ್ಟ್ರಾನಿಕ್ಸ್. ನಗುವವರು ಈಗಲೇ ನಕ್ಕುಬಿಡಿ. ಮಾಲೀಕ ಮೋಹನ್‌ಕುಮಾರ್ ತೆಂಗಿನ ತೋಟದವನು. ತಾಯಿಯ ಹೆಸರಲ್ಲಿ ಮಾಡಿದ್ದು ಕೈಹತ್ತುತ್ತದೆ ಎಂದು ಅವನ ನಂಬಿಕೆ. ಮಾಲೇಕಲ್ಲಿಗೆ ಹೋಗುವ ರಸ್ತೆಯಲ್ಲಿ ಅವರ ಕೊಬ್ಬರಿ ಗೋದಾಮಿತ್ತು. ಅದಕ್ಕೇ ಸುಣ್ಣ ಬಳಿದು, ನೆಲಕ್ಕೆ ಟೈಲ್ಸ್ ಹಾಕಿ ಫ್ಯಾಕ್ಟರಿ ಮಾಡಿದ. ಐದು ವರ್ಷವಾದರೂ ಗೋಡೆಯಿಂದ ಕೊಬ್ಬರಿ ವಾಸನೆ ಹೋಗಿಲ್ಲ. ಮೊದಲು ಪಂಪ್‌ಸೆಟ್ಟಿನ ಸ್ಟಾರ್ಟರುಗಳನ್ನು ಮಾಡುತ್ತಿದ್ದೆವು. ಈ ವರ್ಷ ಮಾರ್ಚಿನಿಂದ ಸಮುದ್ರದ ಡಬ್ಬಿ ಶುರುವಾಯಿತು. ಕರಾವಳಿಯ ಒಂದು ದೋಣಿ ಮಾಲೀಕರ ಸಂಘದವರು ನಲವತ್ತೆಂಟು ದೋಣಿಗಳಿಗೆ ನಲವತ್ತೆಂಟು ಡಬ್ಬಿ ಕೇಳಿದರು. ಮೇ ತಿಂಗಳ ಕೊನೆಯೊಳಗೆ ಕಳಿಸಿಯೂ ಆಯಿತು, ಎಲ್ಲಕ್ಕೂ ನನ್ನ ಸಹಿಯೊಂದಿಗೆ.

ಸಮುದ್ರವನ್ನು ನಾನು ನೋಡಿರುವುದು ಒಂದೇ ಸಲ. ಹೊಸ ಚಪ್ಪಲಿಯನ್ನು ಮರಳ ಮೇಲೆ ಬಿಟ್ಟು ಕಾಲು ನೆನೆಸಲು ಹೋದೆ. ಒಂದು ಅಲೆ ಬಂದು ಎರಡನ್ನೂ ತೆಗೆದುಕೊಂಡು ಹೋಯಿತು. ಅವತ್ತಿನಿಂದ ಅದರ ಮೇಲೆ ನನಗೆ ನಂಬಿಕೆಯಿಲ್ಲ. ಅದಕ್ಕೇ ಡಬ್ಬಿಯ ಪರೀಕ್ಷೆಯಲ್ಲಿ ನಾನು ಒಂದು ಕೂದಲೆಳೆಯಷ್ಟೂ ಸಡಿಲ ಬಿಡುವವನಲ್ಲ ಎಂದುಕೊಂಡಿದ್ದೆ. ಹೀಗೆ ಎಂದುಕೊಂಡಿದ್ದೆ ಅನ್ನುವುದನ್ನು ದಯವಿಟ್ಟು ನೆನಪಿಡಿ.

ಪರೀಕ್ಷೆ ಅಂದರೆ ಏನು? ಬೀರುವಿನಷ್ಟು ಎತ್ತರದ ನೀಲಿ ಬಣ್ಣದ ಮಷೀನು ಒಂದಿದೆ. ಗುಂಯ್ ಎಂದು ವಿದ್ಯುತ್ತನ್ನು ತುಂಬಿಕೊಳ್ಳುತ್ತದೆ. ಕೆಂಪು ಗುಂಡಿ ಒತ್ತಿದರೆ ಅಷ್ಟನ್ನೂ ಒಂದೇ ಏಟಿಗೆ ಡಬ್ಬಿಯೊಳಕ್ಕೆ ಬಿಡುತ್ತದೆ, ಠಪ್ ಅಂತ. ಡಬ್ಬಿಯೊಳಗೆ ಹತ್ತು ರೂಪಾಯಿ ನಾಣ್ಯದಷ್ಟು ಅಗಲದ ಒಂದು ಬಿಲ್ಲೆ ಇದೆ. ಏಟು ತಿನ್ನುವುದು ಅದೇ. ಪ್ರತಿ ಏಟಿಗೂ ಬಿಸಿಯಾಗುತ್ತದೆ. ಹನ್ನೆರಡು ಡಬ್ಬಿಗೆ ಒಂದನ್ನು ಆರಿಸಿ ಅದಕ್ಕೆ ಹತ್ತು ಏಟು ಕೊಡಬೇಕು. ಮೊದಲ ಐದು ಒಂದು ದಿಕ್ಕಿನಲ್ಲಿ, ಉಳಿದ ಐದು ತಿರುಗಾ ದಿಕ್ಕಿನಲ್ಲಿ. ಹತ್ತನ್ನೂ ತಿಂದು ಬಿಲ್ಲೆ ಒಡೆಯದೆ ಇದ್ದರೆ ಪಾಸು. ನಮ್ಮ ಮಷೀನು ಹಳೆಯದು, ದಿಕ್ಕು ತಾನೇ ಬದಲಾಯಿಸಿಕೊಳ್ಳುವುದಿಲ್ಲ. ಐದಾದ ಮೇಲೆ ತಂತಿಗಳನ್ನು ಕೈಯಿಂದ ಕಳಚಿ, ಅದಲು ಬದಲು ಮಾಡಿ, ಹೊಸದಾಗಿ ಕಟ್ಟಬೇಕು.

ಇನ್ನು ನಮ್ಮ ಕ್ರಮ. ಸೋಮವಾರದಿಂದ ಗುರುವಾರದವರೆಗೆ ಡಬ್ಬಿ ಜೋಡಣೆ, ಶುಕ್ರವಾರ ಪರೀಕ್ಷೆ, ಶನಿವಾರ ಲಾರಿ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ರಾಹುಕಾಲದಲ್ಲಿ ಹೊಸ ಕೆಲಸ ಶುರುಮಾಡಬಾರದು, ಆದರೆ ಮುಂಚೆಯೇ ಶುರುಮಾಡಿದ್ದಕ್ಕೆ ದೋಷವಿಲ್ಲ. ಹೀಗಾಗಿ ಹತ್ತೂ ಇಪ್ಪತ್ತಕ್ಕೆ ಕೈ ಮುಗಿದು ಮೊದಲ ಏಟು ಕೊಡುತ್ತಿದ್ದೆ. ಐದು ಮುಗಿಯುವಷ್ಟರಲ್ಲಿ ಹತ್ತೂ ಇಪ್ಪತ್ತೈದು. ಈಗ ತಂತಿ ಬದಲಾಯಿಸಬೇಕು, ಆದರೆ ಕಟ್ಟಿ ಆರನೆಯದು ಶುರುಮಾಡುವಷ್ಟರಲ್ಲಿ ರಾಹುಕಾಲ ಮುಟ್ಟೀತೆಂದು ನನಗೆ ಅಳುಕು. ಕಳಚಿ ಹೊಸದಾಗಿ ಕಟ್ಟುವುದೆಂದರೆ ಅದು ಹೊಸ ಆರಂಭ ತಾನೇ? ಹನ್ನೆರಡರವರೆಗೆ ಕಾಯುವುದು. ಆ ಹೊತ್ತಿಗೆಂದೇ ನನ್ನ ಹೆಂಡತಿ ವೇದವಲ್ಲಿ ಶುಕ್ರವಾರ ದೊಡ್ಡ ಡಬ್ಬಿಯಲ್ಲಿ ಪುಳಿಯೋಗರೆ ಕಳಿಸುತ್ತಿದ್ದಳು. ಮೋಹನ್‌ಕುಮಾರ್ ಎಲ್ಲಿದ್ದರೂ ಹತ್ತೂವರೆಗೆ ಹಾಜರಾಗುತ್ತಿದ್ದ. ತಿಂದು, ಕಾಫಿ ಕುಡಿದು, ಊರ ಸುದ್ದಿ ಮಾತಾಡಿ, ಹನ್ನೆರಡು ಹೊಡೆದು ಒಂದು ನಿಮಿಷಕ್ಕೆ ತಂತಿ ಬದಲಾಯಿಸಿ ಉಳಿದ ಐದು ಏಟು ಕೊಡುತ್ತಿದ್ದೆ. ಪಾಸು. ನಾಲ್ಕು ಶುಕ್ರವಾರ, ನಾಲ್ಕು ಡಜನ್, ನಾಲ್ಕೂ ಪಾಸು. ಫೇಲು ಅನ್ನುವ ಕಾಗದಕ್ಕೆ ಪಾರ್ಥಸಾರಥಿ ಸಹಿ ಹಾಕಿದವನಲ್ಲ ಎಂದು ನಾನೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ.

ಜೂನಿನಲ್ಲಿ ಹೇಮಾಶ್ರೀ ಬಂದಳು. ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯವಳು, ರಾಗಿ ಬೆಳೆಯುವ ಮನೆಯ ಹುಡುಗಿ, ಇಂಜಿನಿಯರಿಂಗ್ ಮುಗಿಸಿದ್ದಳು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ನಿಂತುಕೊಂಡೇ ಬರುತ್ತಾಳೆ. ಮಾತು ಕಡಿಮೆ. ಮಾತು ಕಡಿಮೆಯಿರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿ, ಯಾಕೆಂದರೆ ಅವರು ತಲೆಯೊಳಗೆ ಏನು ಲೆಕ್ಕ ಹಾಕುತ್ತಿದ್ದಾರೋ ಗೊತ್ತಾಗುವುದಿಲ್ಲ. ಬಂದ ಮೊದಲ ವಾರವೇ ನನ್ನ ಪರೀಕ್ಷೆಯ ಫಾರಂ ತೆಗೆದುಕೊಂಡು, ಸ್ಕೇಲಿಟ್ಟು ಒಂದು ಗೆರೆ ಎಳೆದು, ಹೊಸ ಕಾಲಂ ಮಾಡಿದಳು. ಮೇಲೆ ಬರೆದಳು: ಸಮಯ.

ಅದುವರೆಗೆ ಫಾರಂನಲ್ಲಿ ಏಟಿನ ಸಂಖ್ಯೆ ಇತ್ತು, ಫಲಿತಾಂಶ ಇತ್ತು, ನನ್ನ ಸಹಿ ಇತ್ತು. ಸಮಯ ಯಾಕೆ ಬೇಕು, ಇದೇನು ಜಾತಕ ಬರೆಯುವ ಪುಸ್ತಕವೇ ಎಂದು ರೇಗಿದೆ. ಅವಳು ಬಂದ ಶುಕ್ರವಾರ, ಮುಂದೆ ಬೇಕಾದೀತೆಂದು ಕಟ್ಟಿದ್ದ ಹೊಸ ಡಜನಿನ ಪರೀಕ್ಷೆಯಲ್ಲಿ ಪಕ್ಕದಲ್ಲಿ ನಿಂತು ಪ್ರತಿ ಏಟಿಗೂ ಗಡಿಯಾರ ನೋಡಿ ಬರೆದುಕೊಂಡಳು. ಪುಳಿಯೋಗರೆ ಕೊಟ್ಟೆ. ತಿಂದಳು, ಚೆನ್ನಾಗಿದೆ ಸಾರ್ ಅಂದಳು. ಆದರೂ ಐದನೇ ಏಟಿನ ಮುಂದೆ ಹತ್ತು ಇಪ್ಪತ್ತೈದು ಎಂದೂ ಆರನೇ ಏಟಿನ ಮುಂದೆ ಹನ್ನೆರಡು ಎರಡು ಎಂದೂ ಬರೆದಿದ್ದನ್ನು ಅಳಿಸಲಿಲ್ಲ.

ಜುಲೈನಲ್ಲಿ ಮೋಹನ್‌ಕುಮಾರ್ ಕುಣಿದುಕೊಂಡು ಬಂದ. ಕರಾವಳಿಯ ಒಂದು ಹಡಗು ಕಟ್ಟುವ ಕಂಪನಿಯವರು ನಮ್ಮ ಡಬ್ಬಿಯನ್ನು ತಮ್ಮ ಸರಕು ಹಡಗುಗಳಿಗೆ ಹಾಕಲು ಒಪ್ಪಿದ್ದರು. ಒಂದೇ ಷರತ್ತು, ಅವರ ಇನ್ಸ್‌ಪೆಕ್ಟರ್ ಬಂದು ಕಣ್ಣೆದುರಿಗೆ ಪರೀಕ್ಷೆ ನೋಡಬೇಕು. ಶುಕ್ರವಾರ ಬರುತ್ತಾರೆ ಎಂದ. ಬರಲಿ, ಪಾರ್ಥಸಾರಥಿಯ ಸಹಿಗೆ ಸಾಕ್ಷಿ ಬೇಕಾದರೆ ಹತ್ತು ಜನ ಬಂದು ನೋಡಲಿ ಎಂದೆ. ಹೇಮಾಶ್ರೀ ಆಗ ಬಾಯಿಬಿಟ್ಟಳು. ಅವರ ನಿಯಮದ ಪುಸ್ತಕದಲ್ಲಿ ಏಟಿಗೂ ಏಟಿಗೂ ನಡುವೆ ಒಂದು ನಿಮಿಷ ಎಂದಿದೆ, ತಂತಿ ಬದಲಾಯಿಸುವುದಕ್ಕೆ ಎರಡು ನಿಮಿಷ, ಒಂದು ಸಲ ಹಾಗೆ ಮಾಡಿ ನೋಡೋಣವೇ ಎಂದು ಕೇಳಿದಳು. ಆವತ್ತು ಸೋಮವಾರ. ಸೋಮವಾರದ ರಾಹುಕಾಲ ಬೆಳಗಿನ ಒಂಬತ್ತಕ್ಕೇ ಮುಗಿದಿತ್ತು. ಧಾರಾಳವಾಗಿ ಮಾಡೋಣ ಎಂದೆ.

ಎಂಟನೇ ಏಟಿಗೆ ಡಬ್ಬಿ ಒಡೆಯಿತು. ಪಟ್ ಎಂದು ಸಣ್ಣ ಸದ್ದು, ಒಂದು ಎಳೆ ಹೊಗೆ, ಸುಟ್ಟ ವಾಸನೆ. ಇದು ಕೆಟ್ಟ ಡಬ್ಬಿ ಎಂದೆ. ಇನ್ನೊಂದು ತಂದಳು. ಅದು ಒಂಬತ್ತಕ್ಕೆ ಹೋಯಿತು. ಮಷೀನು ಕೆಟ್ಟಿದೆ ಎಂದೆ. ಮಷೀನನ್ನು ಅಳೆದು ತೋರಿಸಿದಳು, ಸರಿಯಾಗಿತ್ತು. ಪಕ್ಕದ ಎಣ್ಣೆ ಮಿಲ್ಲಿನವರು ಮೋಟಾರು ಹಾಕಿದಾಗಲೆಲ್ಲ ಕರೆಂಟು ಕುಣಿಯುತ್ತದೆ ಎಂದೆ. ಮಿಲ್ಲಿನವರು ಊಟಕ್ಕೆ ನಿಲ್ಲಿಸಿದ ಮೇಲೆ ಮೂರನೆಯದನ್ನು ಇಟ್ಟೆವು. ಎಂಟಕ್ಕೆ ಹೋಯಿತು. ನೀನು ಪಕ್ಕದಲ್ಲಿ ನಿಂತು ಗಡಿಯಾರ ನೋಡುತ್ತಿದ್ದರೆ ಯಾವ ಡಬ್ಬಿಯೂ ಉಳಿಯುವುದಿಲ್ಲ ಎಂದು ಅವಳ ಮೇಲೇ ಹಾರಿಬಿದ್ದೆ. ಅವಳು ಹಳೆಯ ಫಾರಂ ತಂದು ನನ್ನ ಮುಂದಿಟ್ಟು, ಸಮಯದ ಕಾಲಮ್ಮಿನ ಮೇಲೆ ಬೆರಳಿಟ್ಟಳು.

"ಸಾರ್, ಐದು ಏಟು ತಿಂದು ಬಿಲ್ಲೆ ಬಿಸಿಯಾಗುತ್ತೆ. ಆಮೇಲೆ ಒಂದೂವರೆ ಗಂಟೆ ತಣ್ಣಗೆ ಕೂತಿರುತ್ತೆ. ಸಮುದ್ರದಲ್ಲಿ ಅಷ್ಟು ಹೊತ್ತು ಬಿಡುವು ಕೊಡೋರು ಯಾರು?"

ನಾನು ಕುರ್ಚಿಯಲ್ಲಿ ಕೂತುಬಿಟ್ಟೆ. ನನಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ, ನಾನೇನು ದಡ್ಡನಲ್ಲ. ನಾಲ್ಕು ಶುಕ್ರವಾರ ಪಾಸಾಗಿದ್ದು ಡಬ್ಬಿಯಲ್ಲ, ಪುಳಿಯೋಗರೆಯ ಬಿಡುವು. ಅದರ ಮೇಲೆ ಸಹಿ ಹಾಕಿ ನಲವತ್ತೆಂಟು ದೋಣಿಗೆ ಕಳಿಸಿದ್ದೇನೆ. ಹಿಂದಿನ ರಾತ್ರಿ ತಾನೇ ಟೀವಿಯಲ್ಲಿ ಕರಾವಳಿಯ ಮಳೆ ತೋರಿಸಿದ್ದರು. ಆ ಗುಡುಗು, ಆ ಮಿಂಚು. ಅದರಡಿಯಲ್ಲಿ ಎಲ್ಲೋ ಯಾರೋ ನನ್ನ ಡಬ್ಬಿಯನ್ನು ನಂಬಿಕೊಂಡು ಬಲೆ ಎಳೆಯುತ್ತಿದ್ದಾರೆ. ದೋಣಿ ಸಂಘದ ಕಾರ್ಯದರ್ಶಿ ಧರ್ಮೇಶ್ ಅವರ ನಂಬರು ನನ್ನ ಫೋನಿನಲ್ಲಿತ್ತು. ಒತ್ತಿದೆ, ರಿಂಗಾಗುವ ಮುಂಚೆ ಕತ್ತರಿಸಿದೆ. ಏನೆಂದು ಹೇಳುವುದು? ಸ್ವಾಮಿ, ನಾನು ರಾಹುಕಾಲ ನೋಡಿ ನಿಮಗೆ ಡಬ್ಬಿ ಕಳಿಸಿದ್ದೇನೆ ಎಂದೇ? ಆ ವಾರದಲ್ಲಿ ಹೀಗೆ ನಾಲ್ಕು ಸಲ ಒತ್ತಿ ನಾಲ್ಕು ಸಲ ಕತ್ತರಿಸಿದೆ. ನನ್ನ ಹೇಡಿತನಕ್ಕೆ ಬೇರೆ ಹೆಸರಿಲ್ಲ.

ಸಂಜೆ ವೇದವಲ್ಲಿಗೆ ಹೇಳಿದೆ. ಅವಳು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಪಂಚಾಂಗ ನೋಡದೆ ಹೊಸ ಸೀರೆಯ ಮಡಿಕೆ ಬಿಚ್ಚುವವಳಲ್ಲ. ಅವಳಾದರೂ ನನ್ನ ಪಕ್ಷ ವಹಿಸುತ್ತಾಳೆ ಎಂದುಕೊಂಡಿದ್ದೆ. ಪೂರ್ತಿ ಕೇಳಿ, ಅಂದರೆ ನಾನು ಪುಳಿಯೋಗರೆ ಕಳಿಸದೆ ಇದ್ದಿದ್ದರೆ ನಿಮ್ಮ ಡಬ್ಬಿ ಫೇಲಾಗುತ್ತಿತ್ತು ಎಂದಾಯಿತು ಎಂದಳು. ಹೌದು ಎಂದೆ. ರಾಹುಕಾಲ ನೋಡುವುದು ಮನುಷ್ಯರಿಗೆ, ಡಬ್ಬಿಗೆ ಯಾರು ನೋಡಲು ಹೇಳಿದರು ಎಂದಳು. ಆಮೇಲೆ ಅವಳು ಈ ಮಾತು ಎತ್ತಲೇ ಇಲ್ಲ.

ದಪ್ಪ ಬಿಲ್ಲೆ ಹಾಕಿದರೆ ಡಬ್ಬಿ ಸರಿಹೋಗುತ್ತದೆ ಎಂದು ಹೇಮಾಶ್ರೀ ಲೆಕ್ಕ ಹಾಕಿ ತೋರಿಸಿದಳು. ಬಿಲ್ಲೆ ಬೆಂಗಳೂರಿನಿಂದ ಬರಲು ಎರಡು ವಾರ. ಇನ್ಸ್‌ಪೆಕ್ಟರ್ ಬರುವುದು ನಾಲ್ಕು ದಿನದಲ್ಲಿ. ನಾನೇ ಮೋಹನ್‌ಕುಮಾರನಿಗೆ ವಿಷಯ ತಿಳಿಸಿ, ಹಡಗಿನವರಿಗೆ ದಿನ ಮುಂದೂಡಲು ಕೇಳು ಎಂದೆ. ಅವನು ತಲೆ ಕೆರೆದುಕೊಂಡು ಟೆಸ್ಟ್ ರೂಮಿನಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡಿದ. ಹಡಗಿನವರನ್ನು ಒಪ್ಪಿಸಲು ಅವನು ನಾಲ್ಕು ತಿಂಗಳು ಅಲೆದಿದ್ದ. ಈಗ ಮುಂದೂಡಿ ಎಂದರೆ ಅವರು ಬೇರೆಯವರ ಹತ್ತಿರ ಹೋಗುತ್ತಾರೆ ಎಂದ. ಆಮೇಲೆ ನನ್ನ ಹತ್ತಿರ ಬಂದು ದನಿ ತಗ್ಗಿಸಿದ.

"ಸ್ವಾಮಿ, ಸುಳ್ಳು ಬರೀರಿ ಅಂತ ನಾನ್ ಏಳ್ತಿಲ್ಲ. ಮುಂಚಿಂದ ಎಂಗ್ ಮಾಡ್ತಿದ್ರೋ ಅಂಗೇ ಮಾಡಿ. ಸುಕ್ರವಾರ, ರಾವುಕಾಲ ಎಂಗೂ ಐತೆ."

ನಾನು ಮಾಡುತ್ತೇನೆ ಅನ್ನಲಿಲ್ಲ, ಮಾಡುವುದಿಲ್ಲ ಅನ್ನಲೂ ಇಲ್ಲ. ನಿಜ ಹೇಳುತ್ತೇನೆ, ಅವನ ಮಾತು ಕೇಳಿ ನನಗೆ ಒಂದು ಕ್ಷಣ ಹಿತವಾಯಿತು. ನಿಯಮದ ಪುಸ್ತಕ ಓದದ ಇನ್ಸ್‌ಪೆಕ್ಟರ್ ಬಂದರೆ? ಅವರೇ ಸುಮ್ಮನಿದ್ದರೆ? ಆಗ ಪಾಸಾದರೆ ಅದು ನನ್ನ ತಪ್ಪಾಗುತ್ತದೆಯೇ? ಹೀಗೆಲ್ಲ ಮನಸ್ಸು ಓಡಿತು. ನನ್ನ ತಂದೆ ಮಾಲೇಕಲ್ಲು ಬೆಟ್ಟದ ಮೇಲಿನ ವೆಂಕಟರಮಣನ ಪೂಜೆಗೆ ದಿನಾ ಅಷ್ಟೂ ಮೆಟ್ಟಿಲು ಹತ್ತುತ್ತಿದ್ದವರು. ಎಂಬತ್ತನೇ ವಯಸ್ಸಿನಲ್ಲೂ ಒಂದು ಮೆಟ್ಟಿಲು ಬಿಟ್ಟು ಹತ್ತಿದವರಲ್ಲ. ಅವರ ಮಗ ಐದನೇ ಮೆಟ್ಟಿಲಲ್ಲಿ ಕೂತು ಪುಳಿಯೋಗರೆ ತಿಂದು, ಬೆಟ್ಟ ಹತ್ತಿದೆ ಎಂದು ಸಹಿ ಹಾಕುತ್ತಿದ್ದಾನೆ.

ಶುಕ್ರವಾರ ಬೆಳಿಗ್ಗೆ ಹೊರಡುವಾಗ ಊಟದ ಚೀಲ ಹಗುರವಾಗಿತ್ತು. ತೆರೆದು ನೋಡಿದೆ. ಒಂದು ಸಣ್ಣ ಡಬ್ಬಿಯಲ್ಲಿ ಮೊಸರನ್ನ, ಒಂದು ಹೋಳು ಉಪ್ಪಿನಕಾಯಿ. ಪುಳಿಯೋಗರೆ ಎಲ್ಲಿ ಎಂದು ಕೇಳಿದೆ. ವೇದವಲ್ಲಿ ಬಾಗಿಲಲ್ಲಿ ನಿಂತು ಸೆರಗಿಗೆ ಕೈ ಒರೆಸಿಕೊಂಡಳು.

"ಇವತ್ತು ಅದನ್ನ ತಿನ್ನೋಕೆ ನಿಮಗೆ ಹೊತ್ತೆಲ್ಲಿರುತ್ತೆ?" ಅಂದಳು.

ನಲವತ್ತು ವರ್ಷ ಸಂಸಾರ ಮಾಡಿದ್ದೇನೆ. ಇದಕ್ಕಿಂತ ಬಿಡಿಸಿ ಹೇಳುವ ಅಗತ್ಯ ನಮ್ಮಿಬ್ಬರಿಗೂ ಇಲ್ಲ. ಆದರೂ ದಾರಿಯುದ್ದಕ್ಕೂ ಆಟೋದಲ್ಲಿ ಅವಳ ಮೇಲೆ ಸಿಟ್ಟು ಮಾಡಿಕೊಂಡೇ ಹೋದೆ.

ಇನ್ಸ್‌ಪೆಕ್ಟರ್ ಹೆಸರು ಚಿದಂಬರ. ರೈಲು ತಡವಾಗಿ, ಹತ್ತು ಗಂಟೆ ಹತ್ತು ನಿಮಿಷಕ್ಕೆ ಬೆವರು ಒರೆಸಿಕೊಳ್ಳುತ್ತ ಬಂದರು. ಐವತ್ತರ ಹತ್ತಿರ ವಯಸ್ಸು, ದಪ್ಪ ಕನ್ನಡಕ, ಕೈಯಲ್ಲಿ ನಿಯಮದ ಪುಸ್ತಕ. ಬೋರ್ಡಿನಲ್ಲಿ ಗಿಡ್ಡಮ್ಮ ಎಂದಿದ್ದನ್ನು ಎರಡು ಸಲ ಓದಿ ಏನೂ ಹೇಳಲಿಲ್ಲ. ಅಷ್ಟರಮಟ್ಟಿಗೆ ಒಳ್ಳೆಯ ಮನುಷ್ಯ. ಹೇಮಾಶ್ರೀ ಮಷೀನಿನ ಕಾಗದಗಳನ್ನು ತೋರಿಸಿದಳು. ಅವರೇ ಕೈಹಾಕಿ ಒಂದು ಡಬ್ಬಿ ಆರಿಸಿದರು. ಅವರ ಬಲಗೈ ಬೆರಳಲ್ಲಿ ಕಂದು ಬಣ್ಣದ ಕಲ್ಲಿನ ಉಂಗುರ ಕಾಣಿಸಿತು. ಗೋಮೇಧಕ, ರಾಹುವಿನ ಕಲ್ಲು.

ಹತ್ತೂ ಇಪ್ಪತ್ತನಾಲ್ಕಕ್ಕೆ ಮೊದಲ ಏಟು. ಹೇಮಾಶ್ರೀ ಸಮಯದ ಕಾಲಂ ತುಂಬಿಸುತ್ತ ಬಂದಳು. ಇಪ್ಪತ್ತೈದು, ಇಪ್ಪತ್ತಾರು, ಇಪ್ಪತ್ತೇಳು, ಇಪ್ಪತ್ತೆಂಟು. ಐದೂ ಮುಗಿಯಿತು. ನಾನು ತಂತಿಯ ಮೇಲೆ ಕೈಯಿಟ್ಟೆ. ಚಿದಂಬರ ಅವರು ಗಡಿಯಾರ ನೋಡಿಕೊಂಡು, ಪುಸ್ತಕ ಮುಚ್ಚಿ, ಸ್ವಲ್ಪ ಸಂಕೋಚದಿಂದಲೇ ಹೇಳಿದರು.

"ಪಾರ್ಥಸಾರಥಿಯವರೇ, ರಾಹುಕಾಲ ಬಂತು. ಹೊಸದಾಗಿ ತಂತಿ ಕಟ್ಟೋದು ಬೇಡ. ಹನ್ನೆರಡಕ್ಕೆ ಮುಂದುವರಿಸಿದರೆ ನಿಮಗೇನೂ ಅಡ್ಡಿಯಿಲ್ಲವಲ್ಲ?"

ಮೋಹನ್‌ಕುಮಾರನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ತಾಯಿ ಗಿಡ್ಡಮ್ಮನೇ ಕರುಣಿಸಿದಳು ಅನ್ನುವ ಹಾಗೆ ಗೋಡೆಯ ಮೇಲಿದ್ದ ಅವಳ ಫೋಟೋಗೆ ಒಂದು ನಮಸ್ಕಾರ ಹಾಕಿದ. ಬನ್ನಿ ಸಾರ್, ನಮ್ ಸ್ವಾಮಿಗಳ ಮನೆ ಪುಳಿಯೋಗರೆ ತಿನ್ನೀವ್ರಂತೆ, ಅಂತಾದ್ದು ಎಲ್ಲೂ ಸಿಗಾಕಿಲ್ಲ ಎಂದು ಕುರ್ಚಿ ಎಳೆದ. ಹೇಮಾಶ್ರೀ ಪೆನ್ನು ಹಿಡಿದು ಆರನೇ ಸಾಲಿನ ಮುಂದೆ ಕಾಯುತ್ತಿದ್ದಳು. ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ನನಗೆ ರೇಗಿಕೊಳ್ಳಲು ಒಂದು ನೆಪ ಸಿಗುತ್ತಿತ್ತು.

ಎಲ್ಲ ತಾನಾಗಿಯೇ ಕೂಡಿ ಬಂದಿತ್ತು. ನಾನು ಒಂದು ಸುಳ್ಳೂ ಹೇಳಬೇಕಾಗಿರಲಿಲ್ಲ. ಬಿಡುವು ಕೇಳಿದವರು ಇನ್ಸ್‌ಪೆಕ್ಟರು, ಒಪ್ಪಿದವನು ಮಾಲೀಕ. ಸುಮ್ಮನೆ ಕೈ ತೆಗೆದು ಕೂತರೆ ಹನ್ನೆರಡು ಹತ್ತರ ಹೊತ್ತಿಗೆ ಡಬ್ಬಿ ಪಾಸು, ಕಾಗದಕ್ಕೆ ನನ್ನ ಸಹಿ, ಅದರ ಪಕ್ಕ ಹಡಗಿನವರ ಸಹಿ. ಹಳೆಯ ನಲವತ್ತೆಂಟರ ವಿಷಯವೂ ಅಲ್ಲಿಗೆ ಮುಚ್ಚಿಹೋಗುತ್ತಿತ್ತು. ಅದಲ್ಲದೆ ನಾನು ಹುಟ್ಟಿದಾಗಿನಿಂದ ರಾಹುಕಾಲದಲ್ಲಿ ಒಂದು ಹೊಸ ಸೋಪಿನ ಕಾಗದ ಬಿಚ್ಚಿದವನಲ್ಲ.

"ಇವತ್ತು ಪುಳಿಯೋಗರೆ ಬಂದಿಲ್ಲ," ಎಂದೆ.

ಮೋಹನ್‌ಕುಮಾರ್ ಅರ್ಧ ಎಳೆದ ಕುರ್ಚಿಯನ್ನು ಅಲ್ಲೇ ಬಿಟ್ಟ. ನಾನು ಚಿದಂಬರ ಅವರ ಕಡೆ ತಿರುಗಿದೆ.

"ಈಗಲೇ ಮಾಡ್ತೀನಿ ಸಾರ್. ಅಲ್ಲಿ ಸಿಡಿಲು ಹನ್ನೆರಡು ಗಂಟೆವರೆಗೂ ಕಾಯಲ್ಲ."

ತಂತಿ ಕಳಚಿದೆ. ಅದಲು ಬದಲು ಮಾಡಿದೆ. ವೆಂಕಟರಮಣ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಸ್ಕ್ರೂ ಬಿಗಿ ಮಾಡಿದೆ. ಹತ್ತು ಮೂವತ್ತಕ್ಕೆ ಸರಿಯಾಗಿ ಆರನೇ ಏಟು. ಪಕ್ಕದ ಎಣ್ಣೆ ಮಿಲ್ಲು ಸದ್ದಿಲ್ಲದೆ ಮಲಗಿತ್ತು. ರಾಹುಕಾಲದಲ್ಲಿ ಅವರೂ ಮೋಟಾರು ಶುರುಮಾಡುವುದಿಲ್ಲ. ಕರೆಂಟು ಮೀಟರಿನ ಮುಳ್ಳು ಅಲುಗಾಡದೆ ನಿಂತಿತ್ತು. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಹೊತ್ತು ದಿನದಲ್ಲಿ ಇನ್ನೊಂದಿಲ್ಲ ಎಂದು ನನಗೆ ಗೊತ್ತಾದದ್ದು ಅವತ್ತೇ. ಏಳನೇ ಏಟು. ಚಿದಂಬರ ಅವರು ಉಂಗುರವನ್ನು ಬೆರಳಲ್ಲೇ ತಿರುಗಿಸುತ್ತಿದ್ದರು. ಎಂಟನೇ ಏಟಿಗೆ ಪಟ್ ಎಂದಿತು. ಒಂದು ಎಳೆ ಹೊಗೆ ಎದ್ದು, ಸುಟ್ಟ ವಾಸನೆ ಹಳೆಯ ಕೊಬ್ಬರಿ ವಾಸನೆಯ ಜೊತೆ ಸೇರಿಕೊಂಡಿತು.

ಮೋಹನ್‌ಕುಮಾರ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಹೊರಗೆ ಹೋದ. ಏಳ್ದೆ ಕಣ್ರೀ ನಾನು, ರಾವುಕಾಲ ಅಂತ ಏಳ್ದೆ, ಎಂದು ಅವನು ಅಂಗಳದಲ್ಲಿ ಯಾರಿಗೋ ಹೇಳುತ್ತಿದ್ದುದು ಕೇಳಿಸಿತು. ಅಂಗಳದಲ್ಲಿ ಯಾರೂ ಇರಲಿಲ್ಲ.

ಚಿದಂಬರ ಅವರು ಒಡೆದ ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಹನ್ನೆರಡಕ್ಕೆ ಮಾಡಿದ್ದರೆ?"

"ಪಾಸಾಗ್ತಿತ್ತು ಸಾರ್."

"ನಿಮಗೆ ಗೊತ್ತಿತ್ತಾ?"

"ಸೋಮವಾರದಿಂದ ಗೊತ್ತು."

ಆಮೇಲೆ ಎಲ್ಲವನ್ನೂ ಹೇಳಿದೆ. ಹತ್ತೂ ಇಪ್ಪತ್ತರ ಆರಂಭ, ಪುಳಿಯೋಗರೆ, ನಾಲ್ಕು ಶುಕ್ರವಾರ, ನಲವತ್ತೆಂಟು ದೋಣಿ. ಹೇಳುತ್ತ ಹೇಳುತ್ತ ನನಗೇ ನಗು ಬರುವಂತಾಯಿತು, ಅದರ ಹಿಂದೆಯೇ ನಾಚಿಕೆಯೂ ಆಯಿತು. ಅವರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, ನಾನೂ ಇಪ್ಪತ್ತು ವರ್ಷದಿಂದ ಊರೂರು ತಿರುಗಿ ಪರೀಕ್ಷೆ ನೋಡುತ್ತಿದ್ದೇನೆ, ಎಷ್ಟು ಕಡೆ ಹನ್ನೆರಡಕ್ಕೆ ಮಾಡೋಣ ಎಂದಿದ್ದೇನೋ ಲೆಕ್ಕವಿಲ್ಲ ಎಂದರು. ಅಷ್ಟು ಹೇಳಿ ಫಲಿತಾಂಶದ ಕಾಗದವನ್ನು ತಾವೇ ಮುಂದಕ್ಕೆ ಎಳೆದುಕೊಂಡರು.

ಫೇಲು ಅನ್ನುವ ಕಾಗದ ತುಂಬಿದ್ದಾಯಿತು. ಪರೀಕ್ಷಕರ ಸಹಿಯ ಜಾಗ ಖಾಲಿಯಿತ್ತು. ಸಹಿಯನ್ನಾದರೂ ಹನ್ನೆರಡರ ಮೇಲೆ ಹಾಕಿ, ಅವಸರವಿಲ್ಲ ಎಂದರು ಚಿದಂಬರ. ಪಾಪ, ಅವರಿಗೂ ಅಭ್ಯಾಸ ಬಿಡಬೇಕಲ್ಲ. ನಾನು ಪೆನ್ನು ತೆಗೆದು ಸಹಿ ಹಾಕಿ, ಪಕ್ಕದಲ್ಲಿ ಹೇಮಾಶ್ರೀ ಹೇಳುವ ಮುಂಚೆಯೇ ಸಮಯ ಬರೆದೆ. ಹತ್ತು ಐವತ್ತೆರಡು. ಅವರು ಆ ಅಂಕಿಗಳನ್ನು ನೋಡಿ, ತಾವೂ ಅದರ ಕೆಳಗೆ ಸಹಿ ಹಾಕಿದರು. ದಪ್ಪ ಬಿಲ್ಲೆ ಬಂದ ಮೇಲೆ ಫೋನ್ ಮಾಡಿ, ನಾನೇ ಬರುತ್ತೇನೆ, 'ಶುಕ್ರವಾರವೇ' ಬರುತ್ತೇನೆ ಎಂದು ಒತ್ತಿ ಹೇಳಿದರು. ಇದನ್ನು ಹೊರಗೆ ಹೋಗಿ ಮೋಹನ್‌ಕುಮಾರನಿಗೆ ಹೇಳುವ ಕೆಲಸ ಹೇಮಾಶ್ರೀಗೆ ಬಿತ್ತು. ಅವನು ಅವಳನ್ನೇ ಮೂರು ಸಲ ಕೇಳಿ ಖಚಿತಪಡಿಸಿಕೊಂಡನಂತೆ.

ನನಗೆ ಇನ್ನೊಂದು ಕೆಲಸ ಬಾಕಿಯಿತ್ತು. ಐದನೇ ಸಲ ಧರ್ಮೇಶ್ ಅವರ ನಂಬರು ಒತ್ತಿದೆ. ಕತ್ತರಿಸಲಿಲ್ಲ. ಅತ್ತ ಕಡೆಯಿಂದ ಹಲೋ ಬಂದ ಕೂಡಲೇ ಎಲ್ಲಿ ಮತ್ತೆ ಧೈರ್ಯ ಹೋಗುತ್ತದೋ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ನಾವು ಕಳಿಸಿದ ನಲವತ್ತೆಂಟು ಡಬ್ಬಿಯೂ ಸರಿಯಿಲ್ಲ, ತಪ್ಪು ನನ್ನದು, ನಿಮ್ಮ ದೋಣಿಯವರಿಗೆಲ್ಲ ಈಗಲೇ ತಿಳಿಸಿ, ಮಿಂಚು ಕಂಡರೆ ಅದನ್ನು ನಂಬಬೇಡಿ, ದಡಕ್ಕೆ ಬಂದುಬಿಡಿ. ಆ ಕಡೆ ಜೋರು ಮಳೆಯ ಸದ್ದು.

"ದಡಕ್ಕೆ ಎಲ್ಲಿಂದ ಬರುವುದು ಮಾರಾಯ್ರೆ? ದೋಣಿ ಎಲ್ಲ ದಡದಲ್ಲೇ ಉಂಟಲ್ಲ. ಮಳೆಗಾಲದ ಎರಡು ತಿಂಗಳು ನೀರಿಗೆ ಇಳಿಸ್ಲಿಕ್ಕೇ ಇಲ್ಲ."

ಮಳೆಗಾಲದಲ್ಲಿ ಮೀನುಗಾರಿಕೆ ನಿಲ್ಲಿಸುತ್ತಾರೆ ಎಂಬುದು ಅರಸೀಕೆರೆಯಲ್ಲಿ ಕೂತ ನನಗೆ ಹೇಗೆ ಗೊತ್ತಿರಬೇಕು? ವಾರವೆಲ್ಲ ಟೀವಿ ನೋಡಿ ಸತ್ತಿದ್ದೆ. ಹಾಗಾದರೆ ಜೂನಿಗೆ ಮುಂಚೆ, ಡಬ್ಬಿ ಕೂರಿಸಿದ ಮೇಲೆ, ಏನಾದರೂ ಆಗಿತ್ತೇ ಎಂದು ಕೇಳಿದೆ.

"ಕೂರಿಸಿಲ್ಲ ಸಾರ್, ಒಂದು ಸಹ ಇಲ್ಲ. ನಲವತ್ತೆಂಟೂ ಬರಲಿ, ಒಟ್ಟಿಗೆ ಒಳ್ಳೆ ದಿನ ನೋಡಿ ಕೂರಿಸುವ ಅಂತ ಕಪಾಟಲ್ಲಿ ಇಟ್ಟಿದ್ದೇವೆ. ಮೇಲೆ ಹೂ ಸಹ ಇಟ್ಟಿದ್ದೇವೆ."

ನನ್ನ ಕಣ್ಣಲ್ಲಿ ನೀರು ತುಂಬಿಕೊಂಡಿತು. ಹೇಮಾಶ್ರೀ ಹೆದರಿ ಒಂದು ಲೋಟ ನೀರು ತಂದುಕೊಟ್ಟಳು. ಏನಾಯ್ತು ಸಾರ್ ಎಂದಳು. ಏನೂ ಆಗಿಲ್ಲ ಕಣಮ್ಮ, ಯಾರಿಗೂ ಏನೂ ಆಗಿಲ್ಲ ಎಂದೆ. ಫೋನಿನಲ್ಲಿ ಧರ್ಮೇಶ್ ಇನ್ನೂ ಮಾತಾಡುತ್ತಿದ್ದರು. ಹಳೆಯದನ್ನೆಲ್ಲ ವಾಪಸು ಕಳಿಸುತ್ತೇವೆ, ಹೊಸದು ಬಂದಾಗ ಯಾವ ದಿನ ಕೂರಿಸಬೇಕು ಎಂದು ನೀವೇ ನೋಡಿ ಹೇಳಿ, ನಿಮ್ಮ ಮನೆಯಲ್ಲಿ ಪಂಚಾಂಗ ಇರುತ್ತದಲ್ಲ ಎಂದರು. ನನ್ನ ಕಣ್ಣು ಅಭ್ಯಾಸಬಲದಿಂದ ಗೋಡೆಯ ಕ್ಯಾಲೆಂಡರಿನ ಕಡೆ ಹೋಯಿತು. ಅದರ ಪಕ್ಕದಲ್ಲೇ ಗಡಿಯಾರ. ಹನ್ನೊಂದು ಗಂಟೆ ಐದು ನಿಮಿಷ.

"ಹತ್ತು ಏಟು ತಿಂದ ಡಬ್ಬಿ ನಿಮ್ಮ ಕೈಗೆ ಬಂದ ದಿನ ಕೂರಿಸಿ. ಆವತ್ತೇ ಒಳ್ಳೆ ದಿನ," ಎಂದೆ.

ಸಂಜೆ ಮನೆಗೆ ಹೋದೆ. ಗೇಟು ತೆಗೆಯುವಾಗಲೇ ಪುಳಿಯೋಗರೆಯ ಒಗ್ಗರಣೆ ವಾಸನೆ ಬಂತು. ನಾನು ಯಾರಿಗೂ ಫೋನ್ ಮಾಡಿರಲಿಲ್ಲ, ಯಾರೂ ಅವಳಿಗೆ ಹೇಳಿರಲಿಲ್ಲ. ಚಪ್ಪಲಿ ಬಿಟ್ಟು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ.

"ಫೇಲಾಯ್ತು ಕಣೇ," ಎಂದೆ.

ವೇದವಲ್ಲಿ ಬಾಣಲೆಯಿಂದ ತಲೆ ಎತ್ತಲಿಲ್ಲ. ಕೈಕಾಲು ತೊಳೆದುಕೊಂಡು ಬನ್ನಿ, ಆರಿಹೋಗುತ್ತೆ ಎಂದಳು. ಮಣೆ ಆಗಲೇ ಹಾಕಿತ್ತು.